ಮೂವತ್ತೊಂದು ಸಹಿ

ವೃದ್ಧರ ಹಗಲು ಆರೈಕೆ ಕೇಂದ್ರಕ್ಕೆ ಸರ್ಕಾರ ಅನುದಾನ ಮುಂದುವರಿಸಬೇಕೆಂದು ಕೋರಿದ ಮನವಿ ಅಧಿಕಾರಿಯ ಮೇಜಿನ ಮೇಲಿತ್ತು. ಕೇಂದ್ರ ನಡೆಸುವ ಹೆಂಗಸು ಎದುರಿಗೆ ನಿಂತಿದ್ದಳು.

“ಮೂವತ್ತೊಂದು ಸಹಿ. ಎಲ್ಲಾ ಒಬ್ಬರೇ ಹಾಕಿರೋದು. ನನಗೇನು ಕಣ್ಣಿಲ್ವೇನಮ್ಮಾ?”

ಆತ ಹಾಳೆಯನ್ನು ಅವಳತ್ತ ತಿರುಗಿಸಿದ. ಪ್ರತಿ ಹೆಸರಿನ ಕೊನೆಯ ಅಕ್ಷರದಿಂದಲೂ ಒಂದು ಗೆರೆ ಇಳಿದು, ಹೆಸರಿನ ಕೆಳಗೇ ಹಿಂದಕ್ಕೆ ಹರಿದು, ಮೊದಲ ಅಕ್ಷರದಡಿ ಚುಕ್ಕೆಯಾಗಿ ನಿಂತಿತ್ತು.

“ಇಲ್ಲಾ ಸಾರ್, ಅವರವರೇ ಹಾಕಿದ್ದು. ಹೋದ ವರ್ಷದವರೆಗೂ ಎಲ್ಲಾ ಹೆಬ್ಬೆಟ್ಟು ಒತ್ತೋರು. ನಮ್ಮಲ್ಲಿಗೆ ಬರೋ ಒಬ್ಬರು, ಇದೇ ತಾಲೂಕಲ್ಲಿ ಮೇಷ್ಟ್ರಾಗಿದ್ದೋರು, ದಿನಾ ಮಧ್ಯಾಹ್ನ ಕೂರಿಸ್ಕೊಂಡು ಕಲಿಸಿದ್ರು. ಅವರ ಸಹಿ ನೋಡ್ಕೊಂಡು ಎಲ್ಲರೂ ಹಾಗೇ ಹಾಕ್ತಾರೆ.”

“ಚೆನ್ನಾಗಿ ಕಥೆ ಕಟ್ತೀರಿ.”

“ಅನುದಾನ ನಿಂತ್ರೆ ಒಂದನೇ ತಾರೀಖಿಂದ ಊಟಾನೂ ಇಲ್ಲ, ಬಿಪಿ ಮಾತ್ರೇನೂ ಇಲ್ಲ ಸಾರ್. ಎಷ್ಟೋ ಜನಕ್ಕೆ ದಿನಕ್ಕೆ ಅದೊಂದೇ ಊಟ.”

“ಹಾಗಂತ ಸುಳ್ಳು ಸಹಿ ಒಪ್ಕೊಳ್ಳಕ್ಕಾಗುತ್ತಾ?”

ಆತ ಕಡತ ಎಳೆದುಕೊಂಡು, ‘ಸಹಿಗಳು ನಕಲಿ. ಮನವಿ ತಿರಸ್ಕರಿಸಿದೆ’ ಎಂದು ಬರೆದ. ಕೆಳಗೆ ಸಹಿ ಹಾಕಿದ. ಹೆಸರಿನ ಕೊನೆಯ ಅಕ್ಷರದಿಂದ ಗೆರೆ ಇಳಿಯಿತು, ಹೆಸರಿನ ಕೆಳಗೇ ಹಿಂದಕ್ಕೆ ಹರಿಯಿತು, ಮೊದಲ ಅಕ್ಷರದಡಿ ಚುಕ್ಕೆಯಾಗಿ ನಿಂತಿತು.

ಅವಳು ಅದನ್ನೇ ನೋಡುತ್ತಾ ನಿಂತಳು.

“ಇನ್ನೇನಮ್ಮಾ?”

“ಮೇಷ್ಟ್ರು ಹೊರಗೆ ಬೆಂಚಿನ ಮೇಲೆ ಕೂತಿದಾರೆ ಸಾರ್. ಒಳಗೆ ಕರೀಲಾ?”