ತೆಗೆಯದ ಗೇಟು

"ಗೇಟು ತೆಗಿಯಮ್ಮ! ಹೈಕೋರ್ಟ್ ತೀರ್ಪು ಬಂದಾಯ್ತು. ಇಲ್ಲಿ ಕಾವಲು ಇಡಿ ಅಂತ ನಮಗೆ ಹೇಳೋಕೆ ಸರ್ಕಾರದ ಆಯೋಗಕ್ಕೆ ಅಧಿಕಾರವೇ ಇಲ್ವಂತೆ. ಇವತ್ತಿಂದ ನಿನಗೆ ಕೆಲಸ ಇಲ್ಲ," ಎಂದು ಹಳಿ ದಾಟಲು ಕಾದಿದ್ದ ರೈಲು ಕಂಪನಿಯ ವಕೀಲ ಕಾರಿನ ಹಾರನ್ ಒತ್ತಿದ.

ಗೇಟು ಕಾಯುವವಳಿಗೆ ಮೈಯೆಲ್ಲ ಉರಿಯಿತು. ಇಲ್ಲಿ ಕಾವಲಿಲ್ಲದ ಕಾಲದಲ್ಲಿ ಅವಳ ಅಣ್ಣ ಸತ್ತದ್ದು ಇದೇ ಹಳಿಯ ಮೇಲೆ. "ತೀರ್ಪು ಬಂದ್ರೆ ತೀರ್ಹೋದೋನು ಬರ್ತಾನಾ ಸ್ವಾಮಿ?"

"ಗೆದ್ದವರನ್ನ ಹಳೀಬೇಡ."

"ಹಳಿ ನಿಮ್ದು. ಹಳಿಯೋದಾದ್ರೂ ನಮ್ದಾಗಿರ್ಲಿ!"

ಅಷ್ಟರಲ್ಲಿ ತಿರುವಿನಾಚೆ ರೈಲು ಕೂಗಿತು. ಅವಳು ಗೇಟಿನ ಬೀಗದ ಕೈಯನ್ನು ಕಾರಿನ ಕಿಟಕಿಯಿಂದ ಅವನ ತೊಡೆಯ ಮೇಲೆ ಎಸೆದಳು. "ಕೆಲಸ ಇಲ್ಲದೋಳು ಗೇಟು ಮುಟ್ಟೋ ಹಾಗಿಲ್ಲ. ಅಧಿಕಾರ ನಿಮ್ದೇ ಅಲ್ವಾ? ನೀವೇ ತೆಗೀರಿ."

ವಕೀಲ ತೆಗೆದದ್ದು ಹಾರನ್ನಿನ ಮೇಲಿದ್ದ ಕೈಯನ್ನು ಮಾತ್ರ.