ಈ ಕೈ ನಮಗೆ ಬೇಕು

ಬಾಲ್ಕನಿಯ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಒಣಗಿದ ಬಟ್ಟೆ ತೆಗೆಯಲು ಬಂದ ದೊಡ್ಡಸೊಸೆ ಅಲ್ಲೇ ನಿಂತುಬಿಟ್ಟಳು.

"ಇಲ್ಲ ಸರ್, ಮನೇಲಿ ಯಾರಿಗೂ ಹೇಳಿಲ್ಲ." ಚಿಕ್ಕಸೊಸೆ ಫೋನಿನಲ್ಲಿ ಪಿಸುಗುಡುತ್ತಿದ್ದಳು. "ಅಕ್ಕನಿಗಂತೂ ಗೊತ್ತಾಗೋದೇ ಬೇಡ. ಕೆಲಸ ಖಾತ್ರಿ ಆದ್ಮೇಲೆ ನಾನೇ ಹೇಳ್ತೀನಿ."

ಅಕ್ಕ ಎಂದರೆ ತಾನೇ. ಸರ್ ಎಂದರೆ ಯಾರೆಂದೂ ಗೊತ್ತಿತ್ತು: ನದಿಯ ದಡದ ದೊಡ್ಡ ಹೋಟೆಲಿನ ಮುಖ್ಯ ಬಾಣಸಿಗ. ದೊಡ್ಡಸೊಸೆ ಬಟ್ಟೆಯನ್ನು ತಂತಿಯ ಮೇಲೆಯೇ ಬಿಟ್ಟು ಒಳಗೆ ಬಂದಳು. ಹೊಟ್ಟೆಯೊಳಗೆ ಕೆಂಡ ಬಿದ್ದಂತಾಗಿತ್ತು.

ಮೂಲೆಯ ಬೇಕರಿಯ ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ ಕೇಕುಗಳಿಗೆ ಕ್ರೀಮಿನ ಹೂವು ಬಿಡಿಸುವುದು ಅವಳ ಕೆಲಸ. ಗುಲಾಬಿಯ ಎಸಳು ಮುಟ್ಟಿದರೆ ಮುದುಡೀತು ಅನ್ನಿಸುವಷ್ಟು ನಯ. ಆದರೆ ಹೊಗಳಿಕೆಯೆಲ್ಲ ಗಲ್ಲಾದ ಮುಂದೆ ಕೂತ ಮಾಲೀಕನಿಗೆ. ಆ ಹೋಟೆಲಿಗೆ ಹಿಂದೊಮ್ಮೆ ಅವಳೂ ಕೆಲಸ ಕೇಳಿಕೊಂಡು ಹೋಗಿದ್ದಳು. "ಯಾರು ಕಳಿಸಿದ್ದು?" ಎಂದು ಗೇಟಿನವನು ಕೇಳಿದಾಗ ಹೇಳಲು ಒಂದು ಹೆಸರೂ ಇರಲಿಲ್ಲ. ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸ್ಸಾಗಿ, ಇನ್ನು ಸತ್ತರೂ ಯಾರ ಬಾಗಿಲಿಗೂ ಹೋಗುವುದಿಲ್ಲ ಎಂದು ಮನೆಯವರೆಲ್ಲರ ಮುಂದೆ ಹೇಳಿದ್ದಳು.

ಈ ಚಿಕ್ಕವಳಿಗೆ ಗೇಟೂ ಬೇಡ, ಗೇಟಿನವನೂ ಬೇಡ. ಮೈದುನನ ಕೈಹಿಡಿದು ಮನೆಗೆ ಕಾಲಿಟ್ಟಾಗ ಅವಳಿಗೆ ಬ್ರೆಡ್ಡಿನ ಹಿಟ್ಟು ಹದವಾಗಿ ನಾದಲೂ ಬರುತ್ತಿರಲಿಲ್ಲ. ಕಲಿಸಿದ್ದೆಲ್ಲ ಫೋನು. 'ಹಿಟ್ಟಿನ ಕೈಗಳು' ಎಂಬ ಗುಂಪಿಗೆ ಸೇರಿದಳು. ಕಲ್ಲಿನಂಥ ಬ್ರೆಡ್ಡಿನ ಫೋಟೋ ಹಾಕಿ, "ಇದರಲ್ಲಿ ಗೋಡೆ ಕಟ್ಟಬಹುದು, ಗಾರೆ ಯಾರ ಹತ್ರ ಇದೆ?" ಎಂದು ಬರೆದಳು. ಜನ ನಕ್ಕರು, ಸಲಹೆ ಕೊಟ್ಟರು, ಮನೆಗೇ ಹುಡುಕಿಕೊಂಡು ಬಂದು ಬ್ರೆಡ್ಡು ಉಬ್ಬಿಸುವ ಹುಳಿಹಿಟ್ಟು ಕೊಟ್ಟು ಹೋದರು. ಬರುಬರುತ್ತಾ ಬ್ರೆಡ್ಡೂ ಉಬ್ಬಿತು, ಸ್ನೇಹಿತರ ಬಳಗವೂ ಉಬ್ಬಿತು. ಆ ಹೋಟೆಲಿನ ಬಾಣಸಿಗನೂ ಅದೇ ಗುಂಪಿನಲ್ಲಿದ್ದ.

"ನೀನೂ ಬಾ ಅಕ್ಕಾ" ಎಂದು ಇವಳನ್ನೂ ಸೇರಿಸಿದ್ದಳು. ದೊಡ್ಡಸೊಸೆ ಒಂದು ಫೋಟೋ ಹಾಕಿದಳು. ಬೆರಳೆಣಿಕೆಯ ಜನ ಮೆಚ್ಚಿದರು. ಅದರ ಕೆಳಗೇ ಚಿಕ್ಕವಳ ಸೀದುಹೋದ ಬನ್ನಿಗೆ ಹೊಗಳಿಕೆಯ ಜಾತ್ರೆ. ಅವತ್ತಿನಿಂದ ಅವಳು ಅಲ್ಲಿ ಬಾಯಿ ಬಿಡಲಿಲ್ಲ. ಮುಖವಿಲ್ಲದ ಇನ್ನೊಂದು ಖಾತೆ ತೆರೆದು, ಚಿಕ್ಕವಳಿಗೆ ಯಾರು ಏನು ಬರೆದರೆಂದು ಮೈಯೆಲ್ಲ ಕಣ್ಣಾಗಿ ನೋಡುತ್ತಾ ಕೂರುತ್ತಿದ್ದಳು.

ಬಾಲ್ಕನಿಯ ಮಾತು ಕೇಳಿದ ಮರುದಿನ ಮಧ್ಯಾಹ್ನ ಅಡುಗೆಮನೆಯಲ್ಲಿ ಚಿಕ್ಕಸೊಸೆಯ ಎರಡೂ ಕೈ ಹಿಟ್ಟಿನಲ್ಲಿದ್ದವು.

"ಅಕ್ಕಾ, ಆ ಫೋನ್ ಸ್ವಲ್ಪ ಒಲೆಯಿಂದ ದೂರ ಇಡ್ತೀಯಾ?"

ಎತ್ತಿದಳು. ಪರದೆ ಬೆಳಗಿತು. ಬಾಣಸಿಗನಿಗೆ ಕಳಿಸಿದ್ದ ಫೋಟೋಗಳು. ನೀಲಿ ಹೂಗಳ ಮೂರಂತಸ್ತಿನ ಕೇಕು. ಬಿಳಿ ಹಂಸದ ಕೇಕು. ಒಂದೊಂದೂ ತನ್ನದು, ತನ್ನ ಸ್ವಂತ ಕೈಯದು! ಕೆಳಗೆ ಅವನ ಉತ್ತರ: "ಈ ಕೈ ನಮಗೆ ಬೇಕೇ ಬೇಕು."

"ಕೊಡು ಕೊಡು!" ಚಿಕ್ಕಸೊಸೆ ಹಿಟ್ಟಿನ ಕೈಯಲ್ಲೇ ಫೋನು ಕಸಿದುಕೊಂಡಳು. ಮುಖ ಕೆಂಪಾಗಿತ್ತು. "ನೀನೇನೂ ನೋಡ್ಲಿಲ್ಲ ತಾನೆ?"

"ನಂಗ್ಯಾಕಮ್ಮ ನಿನ್ನ ಫೋನು?" ಎಂದು ದೊಡ್ಡಸೊಸೆ ನಕ್ಕಳು. ಆ ನಗು ತುಟಿಯಿಂದ ಕೆಳಗಿಳಿಯಲಿಲ್ಲ.

ಕೋಣೆಗೆ ಹೋಗಿ ಚಿಲಕ ಹಾಕಿದಳು. ಇಷ್ಟು ದಿನ ಹೊಟ್ಟೆಕಿಚ್ಚು ಎಂದು ತನ್ನನ್ನು ತಾನೇ ಬೈದುಕೊಂಡಿದ್ದಳು. ಈಗ ಅದಕ್ಕೊಂದು ನ್ಯಾಯ ಸಿಕ್ಕಿತ್ತು. ಮುಖವಿಲ್ಲದ ಖಾತೆಯಿಂದ ಬಾಣಸಿಗನಿಗೆ ಬರೆದಳು: "ನೀವು ಫೋಟೋ ನೋಡಿ ಮೆಚ್ಚಿರುವ ಆ ಹೆಂಗಸನ್ನು ಕೆಲಸಕ್ಕೆ ತೆಗೆದುಕೊಳ್ಳಬೇಡಿ. ಆ ಕೇಕುಗಳು ಅವಳು ಮಾಡಿದ್ದಲ್ಲ. ಬೇರೆಯವರ ಕೆಲಸವನ್ನು ತನ್ನದೆಂದು ತೋರಿಸಿಕೊಳ್ಳುವವಳು. ಅವಳನ್ನು ಹತ್ತಿರದಿಂದ ಬಲ್ಲೆ."

"ತಿಳಿಸಿದ್ದಕ್ಕೆ ಧನ್ಯವಾದ" ಎಂದು ಉತ್ತರ ಬಂತು. ಅವಳ ಹೊಟ್ಟೆ ತಣ್ಣಗಾಯಿತು. ಆ ದಿನ ಅತ್ತೆಯ ಗೊಣಗಾಟವೂ ಕಿವಿಗೆ ಹಿತವಾಗಿತ್ತು.

ವಾರ ಕಳೆಯುವಷ್ಟರಲ್ಲಿ ಫಲ ಸಿಕ್ಕಿತು. ಬೇಕರಿಯಿಂದ ಬಂದಾಗ ಚಿಕ್ಕಸೊಸೆ ಊಟದ ಮೇಜಿನ ಮುಂದೆ ತಲೆ ಕೆಳಗೆ ಹಾಕಿ ಕೂತಿದ್ದಳು. ಕಣ್ಣು ಊದಿಕೊಂಡಿತ್ತು. ದೊಡ್ಡಸೊಸೆ ಚೀಲವನ್ನು ನಿಧಾನವಾಗಿ ಇಳಿಸಿದಳು, ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಳು. ಈ ಗಳಿಗೆಯನ್ನು ಅವಸರದಲ್ಲಿ ಕಳೆಯುವ ಮನಸ್ಸಿರಲಿಲ್ಲ.

"ಏನಾಯ್ತೇ?"

"ಹೋಟೆಲಿನ ಕೆಲಸ ತಪ್ಪಿಹೋಯ್ತು ಅಕ್ಕಾ. ಯಾರೋ ಪಾಪಿ ಇಲ್ಲಸಲ್ಲದ್ದು ಬರೆದಿದ್ದಾರೆ."

"ಅಯ್ಯೋ ಪಾಪ." ಬೆನ್ನು ಸವರಿದಳು. "ಹೋಗ್ಲಿ ಬಿಡು. ಋಣ ಇರ್ಲಿಲ್ಲ ಅಂದ್ಕೋ. ನಿನಗೇನು, ಇನ್ನೊಂದು ಸಿಗುತ್ತೆ."

"ನನಗಲ್ಲ ಅಕ್ಕಾ." ಚಿಕ್ಕಸೊಸೆ ಅವಳ ಕೈ ಹಿಡಿದುಕೊಂಡಳು. "ನಿನಗೆ ಕೇಳಿದ್ದು. ಮೊದಲೇ ಹೇಳಿದ್ರೆ ನೀನು ಬೇಡ ಅಂತಿದ್ದೆ. ಅದಕ್ಕೇ ಬೇಕರಿಲಿ ನಿನ್ನ ಕೇಕಿನ ಫೋಟೋ ತೆಗೆದು ಗುಟ್ಟಾಗಿ ಕಳಿಸ್ದೆ, ನಮ್ಮಕ್ಕ ಮಾಡಿದ್ದು ಅಂತ ಮೊದಲ ದಿನವೇ ಹೇಳಿದ್ದೆ. ಅವರು ಒಪ್ಪಿದ್ರು ಕೂಡ. ಈಗ ನೋಡಿದ್ರೆ, 'ಆಯಮ್ಮ ನಿಮಗೂ ಮೋಸ ಮಾಡಿದ್ದಾಳೆ ಪಾಪ, ಅವಳು ಕೇಕು ಮಾಡಿದವಳೇ ಅಲ್ಲ' ಅಂತಿದ್ದಾರೆ. ನಾನು ಕಣ್ಣಾರೆ ನೋಡಿದೀನಿ ಅಂದ್ರೂ ನಂಬ್ತಿಲ್ಲ. ಹತ್ತಿರದಿಂದ ಬಲ್ಲವರೇ ಬರೆದಿದ್ದಾರಂತೆ."

ದೊಡ್ಡಸೊಸೆ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು.

ಚಿಕ್ಕಸೊಸೆ ಮೂಗೊರೆಸಿಕೊಂಡು, ತಪ್ಪು ಮಾಡಿದವಳಂತೆ ತಲೆ ತಗ್ಗಿಸಿ ಕೇಳಿದಳು: "ಆ ಜಾಗಕ್ಕೆ ಈಗ ನನ್ನನ್ನೇ ಬಾ ಅಂತಿದ್ದಾರೆ. ನೀನು ಹೂಂ ಅಂದ್ರೆ ಮಾತ್ರ. ಹೋಗ್ಲಾ, ಅಕ್ಕಾ?"