ಮಂಜುಗಡ್ಡೆ ನೀರಿನಲ್ಲಿ ಐದು ನಿಮಿಷ

“ಆ ಸಾಲು ಅಳಿಸಿಬಿಡು,” ಎಂದರು ಪ್ರೊಫೆಸರ್, ಕಂಪ್ಯೂಟರ್ ಪರದೆಯ ಮೇಲೆ ಬೆರಳಿಟ್ಟು.

“ಅಳಿಸಲ್ಲ ಸಾರ್.”

ಧರ್ಮ ಅಧ್ಯಯನ ವಿಭಾಗದಲ್ಲಿ ಅವರಿಗೆ ಎದುರಾಡಿದವರಿಲ್ಲ. ಸಂಶೋಧಕಿಗೇ ತನ್ನ ದನಿ ಕೇಳಿ ಆಶ್ಚರ್ಯವಾಯಿತು. ಗೈಡ್ ಆದ ಅವರು ಸಹಿ ಹಾಕದಿದ್ದರೆ ನಾಲ್ಕು ವರ್ಷ ದುಡಿದ ಡಾಕ್ಟರೇಟಿಗೆ ಎಳ್ಳುನೀರು.

ಪ್ರಯೋಗವೇನೋ ಸರಳ. ಮಂಜುಗಡ್ಡೆ ತೇಲುವ ನೀರಿನಲ್ಲಿ ಕೈ ಇಡಬೇಕು, ತಡೆಯಲಾಗದಾಗ ತೆಗೆಯಬೇಕು; ಹೆಚ್ಚೆಂದರೆ ಐದು ನಿಮಿಷ. ಭಕ್ತರು ಮನಸ್ಸಿನಲ್ಲೇ ಪ್ರಾರ್ಥಿಸಬೇಕು. ದೇವರನ್ನು ನಂಬದವರು ಒಂದು, ಎರಡು ಎಂದು ಎಣಿಸಬೇಕು. ನೋವು ತಡೆಯುವ ಬಲ ಪ್ರಾರ್ಥನೆಗೆ ಮಾತ್ರ ಇದೆ ಎಂಬುದು ಪ್ರೊಫೆಸರರ ವಾದ. ಅದರ ಮೇಲೆ ಆಗಲೇ ಒಂದು ಪುಸ್ತಕವನ್ನೂ ಬರೆದಿಟ್ಟಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ.

ಭಕ್ತರು ಮೂರು ನಿಮಿಷ ತಡೆದರು, ನಂಬದವರು ಒಂದೂವರೆ. ಅತ್ತೆ ಬರುವ ತನಕ ಎಲ್ಲ ಪ್ರೊಫೆಸರ್ ಎಣಿಸಿದಂತೆಯೇ ನಡೆಯಿತು.

ಸಂಶೋಧಕಿಯನ್ನು ಸಾಕಿ ಬೆಳೆಸಿದವಳು ಈ ಸೋದರತ್ತೆ. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವಳು. ಕಿಕ್ಕಿರಿದ ಬಸ್ಸಿನಲ್ಲೂ ತಲೆ ಎಣಿಸುವಾಗ ಒಂದೂ ತಪ್ಪಿದವಳಲ್ಲ. ಗಂಡ ಸತ್ತ ದಿನ ದೇವರ ಜೊತೆ ಮಾತು ಬಿಟ್ಟಿದ್ದಳು. ನಂಬದವರ ಗುಂಪಿಗೆ ಒಬ್ಬರು ಕಡಿಮೆ ಬಿದ್ದಾಗ ತಾನೇ ಬಂದು ಕೂತಳು.

“ಜಾಸ್ತಿ ಹೊತ್ತು ಇಟ್ರೆ ನಿಂಗೆ ಒಳ್ಳೇದಾ?”

“ಹಾಗೇನಿಲ್ಲ ಅತ್ತೆ. ಸುಮ್ನೆ ಎಣಿಸ್ತಾ ಇರು.”

ಕೈ ಕೆಂಪಗಾಯಿತು. ತುಟಿ ಅಲುಗುತ್ತಿತ್ತು. ಐದು ನಿಮಿಷಕ್ಕೆ ಕೊನೆಯ ಗಂಟೆ ಹೊಡೆದರೂ ಅತ್ತೆ ಮಿಸುಕಲಿಲ್ಲ. ಸಂಶೋಧಕಿಯೇ ಕೈ ಎಳೆದು ಟವೆಲ್ ಸುತ್ತಿದಳು.

“ಎಷ್ಟರ ತನಕ ಎಣಿಸಿದೆ?”

“ಲೆಕ್ಕ ತಪ್ಪೋಯ್ತು ಕಣೇ,” ಎಂದು ಅತ್ತೆ ಮುಖ ತಿರುಗಿಸಿದಳು.

ಆ ಐದು ನಿಮಿಷದ ಸಾಲೇ ಈಗ ಪ್ರೊಫೆಸರರ ಕಣ್ಣಿಗೆ ಕಸವಾಗಿದ್ದು.

“ನಿಮ್ಮತ್ತೇದು ಬರೀ ಹಟ. ಅದನ್ನ ಸೇರಿಸಬೇಡ.”

“ಭಕ್ತರು ತಡೆದ್ರೆ ನಂಬಿಕೆ, ನಮ್ಮತ್ತೆ ತಡೆದ್ರೆ ಹಟಾನಾ ಸಾರ್?”

“ಹಾಗಾದ್ರೆ ನನ್ನ ಸಹಿ ಮರೆತುಬಿಡು.”

“ನೀವೇ ಇಟ್ಕೊಳ್ಳಿ.”

ಅವಳು ನೆಟ್ಟಗೆ ವಿಶ್ವವಿದ್ಯಾಲಯದ ಸಮಿತಿಗೆ ದೂರು ಕೊಟ್ಟಳು. ವಿಚಾರಣೆಯ ದಿನ ಐವರು ಹಿರಿಯರ ಮುಂದೆ ನಿಂತು ನೇರವಾಗಿ ಹೇಳಿದಳು: “ಬೇಡದ ಅಂಕಿ ಅಳಿಸೋದಾದ್ರೆ ಪ್ರಯೋಗ ಯಾಕೆ? ದೇವರ ಹೆಸರು ಹೇಳದೇನೂ ಮನುಷ್ಯ ನೋವು ತಡೀಬಲ್ಲ. ನಮ್ಮತ್ತೇನೇ ಸಾಕ್ಷಿ.” ಐವರಲ್ಲಿ ಮೂವರು ಅವಳ ಕಡೆ ನಿಂತರು. ಸಾಲು ಉಳಿಯಿತು, ಗೈಡ್ ಬದಲಾದರು. ಆರು ತಿಂಗಳಿಗೆ ಡಾಕ್ಟರೇಟೂ ಬಂತು.

ಪ್ರಮಾಣಪತ್ರ ಹಿಡಿದು ಮನೆಗೆ ಓಡಿಬಂದವಳು ಅತ್ತೆಯನ್ನು ತಬ್ಬಿಕೊಂಡಳು. “ಆ ಪ್ರೊಫೆಸರ್ ಬಾಯಿ ಮುಚ್ಚಿಸಿದ್ದು ನೀನೇ ಅತ್ತೆ!”

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಯಾರಾದರೂ ಇದ್ದಾರೆಯೇ ಎಂದು ಬಾಗಿಲ ಕಡೆ ನೋಡಿದಳು.

“ಯಾರಿಗೂ ಹೇಳಬೇಡ ಕಣೇ... ಆ ಐದು ನಿಮಿಷಾನೂ ನಾನು ‘ಈ ಹುಡುಗಿಗೆ ಡಾಕ್ಟರೇಟ್ ಕೊಡಿಸಪ್ಪಾ ದೇವರೇ’ ಅಂತ ಬೇಡ್ಕೊಳ್ತಾ ಇದ್ದೆ.”